ಕಿಚನ್ ಕ್ಯಾಬಿನೆಟ್‌ಗೆ ಯಾವ ಬಣ್ಣ? ಮುಂದೆ ಮನೆ ಮಾರೋ ಯೋಚನೆ ಇದ್ರೆ ಇದನ್ನ ಕೇಳಿ

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿ, ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ನಿಂತಿರೋರಿಗೂ ನಮಸ್ಕಾರ, ಫೋನನ್ನ ಅಡುಗೆ ಕಟ್ಟೆ ಮೇಲೆ ಡಬ್ಬಕ್ಕೆ ಒರಗಿಸಿಟ್ಟು ಈರುಳ್ಳಿ ಹೆಚ್ತಾ ಕೇಳ್ತಿರೋರಿಗೂ ನಮಸ್ಕಾರ. ಇವತ್ತಿನ ವಿಷಯ ಆ ಕಟ್ಟೆಯ ಕೆಳಗೇ ಇದೆ.

ಕಳೆದ ವಾರ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡಿದ್ದಾರೆ. ಕೀ ಕೈಗೆ ಬಂದಿದೆ, ಇಎಂಐ ಶುರುವಾಗಿದೆ, ಆದ್ರೆ ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ. ಕಾರಣ, ಕಿಚನ್ ಮುಗಿದಿಲ್ಲ. ಕಿಚನ್ ಯಾಕೆ ಮುಗಿದಿಲ್ಲ ಅಂದ್ರೆ ಬಣ್ಣ ತೀರ್ಮಾನ ಆಗಿಲ್ಲ. ಈ ತಂಗಿಗೆ ಕಡುಹಸಿರು ಇಷ್ಟ. ಅವರ ಯಜಮಾನ್ರು ಹೇಳೋದು, ‘ಐದಾರು ವರ್ಷ ಆದ್ಮೇಲೆ ಇದನ್ನ ಮಾರಿ ದೊಡ್ಡದಕ್ಕೆ ಹೋಗ್ತೀವಲ್ಲ, ಸುಮ್ನೆ ಬಿಳಿ ಹಾಕ್ಸು, ಎಲ್ಲರಿಗೂ ಒಪ್ಪುತ್ತೆ’ ಅಂತ. ಮೆಸೇಜಿನ ಕೊನೆ ಸಾಲು: ‘ಅಕ್ಕ, ಎರಡು ಕಡೆ ದುಡ್ಡು ಕಟ್ತಾ ಇದ್ದೀವಿ, ಬೇಗ ಹೇಳಿ.’

ಬೇಗ ಹೇಳ್ತೀನಿ. ಆದ್ರೆ ಮೊದಲು ನನ್ನ ಮಾನ ನಾನೇ ಕಳ್ಕೊಳ್ಳೋ ಕಥೆ ಒಂದಿದೆ, ಅದನ್ನ ಕೇಳಿ.

2013ರಲ್ಲಿ ನಾವೂ ಒಂದು ಕಿಚನ್ ಮಾಡ್ಸಿದ್ವಿ. ಆಗ ಎಲ್ಲಿ ನೋಡಿದ್ರೂ ಮಿರಮಿರ ಮಿಂಚೋ ಮರೂನ್. ಕೆಳಗೆ ಮರೂನ್, ಮೇಲೆ ಬಿಳಿ, ನಡುವೆ ಹೂವಿನ ಚಿತ್ರದ ಟೈಲ್ಸ್. ಶೋರೂಮಿನಲ್ಲಿ ಹಳದಿ ಲೈಟ್ ಕೆಳಗೆ ಅದು ಹೊಸ ಕಾರಿನ ಥರ ಕಾಣ್ತಿತ್ತು. ಎಂಟು ವರ್ಷ ಆದ್ಮೇಲೆ ಆ ಮನೆ ಮಾರೋಕೆ ಹೊರಟ್ವಿ. ನೋಡೋಕೆ ಬಂದೋರೆಲ್ಲ ಹಾಲ್‌ನಲ್ಲಿ ನಗ್ತಾ ಮಾತಾಡ್ತಿದ್ರು, ಅಡುಗೆಮನೆ ಬಾಗಿಲಿಗೆ ಬಂದ ತಕ್ಷಣ ಸುಮ್ಮನಾಗ್ತಿದ್ರು. ಒಬ್ಬರು ಮಾತ್ರ ಬಾಯಿಬಿಟ್ಟು ಹೇಳಿದ್ರು, ‘ಇದೆಲ್ಲ ತೆಗೆಸಿ ಹೊಸದಾಗಿ ಮಾಡ್ಸಬೇಕು, ಅದಕ್ಕೆ ಒಂದೂವರೆ ಲಕ್ಷ ಬಿಟ್ಕೊಡಿ’ ಅಂತ. ನಾನು ವಾದ ಮಾಡಿದೆ. ಒಳಗಿನ ಪ್ಲೈವುಡ್ ಚೆನ್ನಾಗಿದೆ, ಒಂದು ಹಿಂಜ್ ಕೂಡ ಸಡಿಲ ಆಗಿಲ್ಲ, ತೆಗೆದು ನೋಡಿ ಅಂದೆ. ಅವರು ತೆಗೆದೂ ನೋಡಲಿಲ್ಲ. ಕೊನೆಗೆ ಎಂಬತ್ತು ಸಾವಿರಕ್ಕೆ ರಾಜಿಯಾಯ್ತು. ಎಂಬತ್ತು ಸಾವಿರ ಹೋಗಿದ್ದು ಮರಕ್ಕಲ್ಲ, ಕೆಲಸಕ್ಕಲ್ಲ, ಬರೀ ಬಣ್ಣಕ್ಕೆ.

ಆ ಮೇಲೆ ಕೂತು ಯೋಚನೆ ಮಾಡಿದಾಗ ಒಂದು ವಿಷಯ ಹೊಳೀತು. ನಾವೆಲ್ಲ ಕೇಳೋ ಪ್ರಶ್ನೆ ‘ಯಾವ ಬಣ್ಣ ಹಾಕಿದ್ರೆ ಮನೆ ಬೆಲೆ ಜಾಸ್ತಿ ಆಗುತ್ತೆ?’ ಅಂತ. ಯಾವ ಬಣ್ಣಕ್ಕೂ ಬೆಲೆ ಜಾಸ್ತಿ ಆಗಲ್ಲ. ಹೇಗೆ ಅಂತ ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರಕ್ಕೂ ನಿಮ್ಮ ಶಟರ್ ಬಣ್ಣಕ್ಕೂ ಸಂಬಂಧ ಇಲ್ಲ. ಕೊಳ್ಳೋರು ಸಾಲಕ್ಕೆ ಹೋದಾಗ ಬ್ಯಾಂಕಿನ ವ್ಯಾಲ್ಯುವರ್ ಬರ್ತಾರಲ್ಲ, ಅವರು ಮುಖ್ಯವಾಗಿ ನೋಡೋದು ಜಾಗ, ವಿಸ್ತೀರ್ಣ, ಕಟ್ಟಡದ ವಯಸ್ಸು, ದಾಖಲೆ, ಅಕ್ಕಪಕ್ಕದ ದರ. ಅಂದ್ರೆ ‘ನಮ್ಮ ಇಂಟೀರಿಯರ್‌ಗೆ ಇಷ್ಟು ಸೇರಿಸಿ’ ಅಂತ ನೀವು ಕೇಳೋ ದುಡ್ಡನ್ನ ಕೊಳ್ಳೋರು ಬಹುತೇಕ ತಮ್ಮ ಜೇಬಿಂದಲೇ ಕೊಡಬೇಕು. ಜೇಬಿಂದ ಕೊಡೋವಾಗ ಮನುಷ್ಯನ ಕಣ್ಣು ಚುರುಕಾಗುತ್ತೆ. ಇಷ್ಟ ಆದ ಕಿಚನ್‌ಗೆ ಅವರು ಹೆಚ್ಚಿಗೆ ಕೊಡಲ್ಲ, ‘ಚೆನ್ನಾಗಿದೆ’ ಅಂತಾರೆ, ಅಷ್ಟೇ. ಇಷ್ಟ ಆಗದ ಕಿಚನ್‌ಗೆ ಮಾತ್ರ ಅಲ್ಲೇ ನಿಂತು ಲೆಕ್ಕ ಹಾಕಿ ಕಳೀತಾರೆ.

ಹಾಗಾಗಿ ಮಾರೋ ಯೋಚನೆಯಿಂದ ಬಣ್ಣ ಆರಿಸೋದು ಅಂದ್ರೆ ಕೂಡಿಸೋ ಲೆಕ್ಕ ಅಲ್ಲ, ಕಳೆಯೋಕೆ ಕಾರಣ ಕೊಡದೆ ಇರೋ ಲೆಕ್ಕ. ಬಂದೋರ ಬಾಯಲ್ಲಿ ‘ಇದನ್ನ ತೆಗೆಸಬೇಕು’ ಅನ್ನೋ ಮಾತು ಬರಬಾರದು. ಅಷ್ಟಾದ್ರೆ ಸಾಕು.

ಹಾಗಾದ್ರೆ ಬಿಳಿನೇ ಸರಿ ಅಲ್ವಾ ಅಂತೀರಾ. ಯಜಮಾನ್ರ ವಾದ ಗೆದ್ದ ಹಾಗೆ ಕಾಣುತ್ತೆ. ಇರಿ, ಇಲ್ಲೇ ಇರೋದು ಮಜಾ.

‘ಬಿಳಿ ಕಿಚನ್ ಬೇಗ ಮಾರಾಟ ಆಗುತ್ತೆ’ ಅನ್ನೋ ಸಲಹೆ ನಮಗೆ ಬಂದಿದ್ದು ಹೆಚ್ಚಾಗಿ ಅಮೆರಿಕದ ವಿಡಿಯೋಗಳಿಂದ. ಅಲ್ಲಿ ಬಹಳ ಮನೆಗಳಲ್ಲಿ ಕ್ಯಾಬಿನೆಟ್‌ಗೆ ಪೇಂಟ್ ಇರುತ್ತೆ, ಬೇಡ ಅಂದ್ರೆ ಇನ್ನೊಂದು ಕೋಟ್ ಹೊಡೀತಾರೆ. ಅವರದೇ ದೇಶದ ಝಿಲೋ ಅನ್ನೋ ಮನೆ ಮಾರಾಟದ ಕಂಪನಿ, ಮಾರಾಟವಾದ ಮನೆಗಳ ಫೋಟೊ ಇಟ್ಕೊಂಡು ಬಣ್ಣದ ಲೆಕ್ಕ ಹಾಕಿ ಹೇಳ್ತಿತ್ತು. 2017ರಲ್ಲಿ ತಿಳಿನೀಲಿ ಅಡುಗೆಮನೆ ಮುಂದೆ ಇತ್ತು, 2018ರಲ್ಲಿ ಕಪ್ಪು-ಬಿಳಿ ಜೋಡಿ. ಒಂದು ವರ್ಷದಲ್ಲಿ ಉತ್ತರ ಬದಲಾಯ್ತು. ನೀವು ಮಾರೋದು ಐದು ವರ್ಷ ಆದ್ಮೇಲೆ. ಆ ಹೊತ್ತಿಗೆ ಯಾವುದು ಫ್ಯಾಷನ್ ಅಂತ ಯಾರು ಬಲ್ಲರು?

ಅದಕ್ಕಿಂತ ದೊಡ್ಡ ವಿಷಯ, ನಮ್ಮ ಅಡುಗೆಮನೆಯ ಅಡುಗೆ. ಒಗ್ಗರಣೆ ಸಿಡಿಯುತ್ತೆ, ಸಾರು ಉಕ್ಕುತ್ತೆ, ಅರಿಶಿನದ ಕೈಯಲ್ಲೇ ಡ್ರಾಯರ್ ಎಳೀತೀವಿ. ಬಿಳಿ ಶಟರ್ ಮೇಲೆ ಅರಿಶಿನ ಬಿತ್ತು ಅಂತ ಗಾಬರಿಯಾಗಿ ಸೋಪು ಹಾಕಿ ಉಜ್ಜಿದ್ರೆ ಕಲೆ ಇನ್ನೂ ಕೆಂಪಗಾಗುತ್ತೆ, ನೋಡಿದ್ದೀರಾ? ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬೆರೆಸಿದ್ರೆ ಓಕುಳಿ ಕೆಂಪಾಗುತ್ತಲ್ಲ, ಅದೇ ಕಥೆ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್, ಕ್ಷಾರ ತಾಗಿದ್ರೆ ಕೆಂಪಿಗೆ ತಿರುಗುತ್ತೆ. ಸೋಪೂ ಕ್ಷಾರವೇ. ಬಟ್ಟೆಯ ಮೇಲಿನ ಅರಿಶಿನ ಬಿಸಿಲಿಗೆ ಹಾಕಿದ್ರೆ ಮಾಸುತ್ತೆ. ಅಡುಗೆಮನೆ ಬಾಗಿಲು ಕಳಚಿ ಟೆರೇಸ್ ಮೇಲೆ ಒಣಹಾಕೋಕೆ ಆಗುತ್ತಾ?

ಇನ್ನೊಂದು ಇದೆ, ಅಂಗಡಿಯವರು ಸಾಮಾನ್ಯವಾಗಿ ಹೇಳಲ್ಲ. ಲ್ಯಾಮಿನೇಟ್ ಅಂದ್ರೆ, ನಮ್ಮ ಕಾರ್ಪೆಂಟರ್‌ಗಳು ಮೈಕಾ ಅಂತಾರಲ್ಲ ಅದು, ಮೇಲೆ ಬಣ್ಣದ ಒಂದು ಕಾಗದ, ಅದರ ಕೆಳಗೆ ಕಂದು ಕಾಗದದ ಹಲವು ಪದರ, ಎಲ್ಲ ರಾಳದಲ್ಲಿ ಒತ್ತಿ ಗಟ್ಟಿ ಮಾಡಿದ್ದು. ಹಾಗಾಗಿ ಅಂಚಿನಲ್ಲಿ ಒಂದು ಕಂದು ಗೆರೆ ಇದ್ದೇ ಇರುತ್ತೆ. ಮರದ ಬಣ್ಣದ ಶಟರ್‌ನಲ್ಲಿ ಅದು ಮರದ ಜೊತೆ ಬೆರೆತುಹೋಗುತ್ತೆ. ಅಪ್ಪಟ ಬಿಳಿಯಲ್ಲಿ ಪ್ರತಿ ಬಾಗಿಲ ಸುತ್ತ ಪೆನ್ಸಿಲ್ ಗೆರೆ ಎಳೆದ ಹಾಗೆ ಕಾಣುತ್ತೆ, ವರ್ಷಗಳು ಕಳೆದ ಹಾಗೆ ಅಲ್ಲಿ ಜಿಡ್ಡು ಕೂತು ಗೆರೆ ದಪ್ಪ ಆಗುತ್ತೆ. ಪಿವಿಸಿ ಮೆಂಬ್ರೇನ್ ಹಾಳೆ ಆದ್ರೆ ಒಲೆ ಪಕ್ಕದ ಬಿಸಿಗೆ ಹಳದಿಯಾಗಬಹುದು, ಅಂಚು ಏಳಬಹುದು. ಐದು ವರ್ಷದ ಬಿಳಿ ಕಿಚನ್‌ಗೆ ಕೊಳ್ಳೋರು ಬಂದಾಗ ಅವರಿಗೆ ಕಾಣೋದು ಬಿಳಿ ಅಲ್ಲ, ಐದು ವರ್ಷ.

ಕಡುಬಣ್ಣ ಆದ್ರೆ ಬಚಾವಾ? ಅದೂ ಇಲ್ಲ. ಕಪ್ಪು, ಕಡುನೀಲಿ, ಕಡುಹಸಿರು ಜಿಡ್ಡನ್ನ ಮುಚ್ಚುತ್ತೆ ನಿಜ, ಆದ್ರೆ ಧೂಳನ್ನ, ಬೆರಳ ಗುರುತನ್ನ, ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ಕಲೆಯನ್ನ ಎತ್ತಿ ತೋರಿಸುತ್ತೆ. ಬೆಂಗಳೂರಲ್ಲಿ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಬೋರ್‌ವೆಲ್, ಟ್ಯಾಂಕರ್ ನೀರಿನ ಮೇಲೆ ನಡೀತಿವೆ. ಗಡಸು ನೀರು ಒಣಗಿದ ಜಾಗದಲ್ಲಿ ಬಿಳಿ ಉಪ್ಪು ಉಳಿಯುತ್ತೆ. ಸಿಂಕ್ ಕೆಳಗಿನ ಕಡುಬಣ್ಣದ ಬಾಗಿಲು ಆರು ತಿಂಗಳಲ್ಲಿ ಸೊಳ್ಳೆ ಪರದೆ ಹೊದ್ದ ಹಾಗೆ ಮಂಕಾಗುತ್ತೆ. ನಮ್ಮ ಮರೂನ್ ಬಾಗಿಲನ್ನ ನಮ್ಮತ್ತೆ ದಿನಾ ರಾತ್ರಿ ಒದ್ದೆ ಬಟ್ಟೆ, ಒಣ ಬಟ್ಟೆ ಎರಡರಲ್ಲೂ ಒರೆಸ್ತಿದ್ರು. ಒಂದು ಸಲ ನಾವು ‘ಮುಂದಿನ ಮನೆಗೆ ಎಲ್ಲರಿಗೂ ಒಪ್ಪೋ ಬಣ್ಣ ಹಾಕ್ಸೋಣ’ ಅಂತ ಮಾತಾಡ್ತಿದ್ದಾಗ ಅಲ್ಲಿಂದಲೇ ಅಂದ್ರು, ‘ನಾಳೆ ಬರೋರಿಗೆ ಬಣ್ಣ ಆರಿಸ್ತೀರ, ಇವತ್ತು ಒರೆಸೋಳು ನಾನು, ನನ್ನನ್ನ ಯಾರಾದ್ರೂ ಕೇಳಿದ್ರಾ?’ ಕೇಳಿರಲಿಲ್ಲ. ಆಮೇಲೆ ಗೊತ್ತಾಯ್ತು, ಒರೆಸೋರಿಗೆ ಒಪ್ಪೋ ಬಣ್ಣವೇ ಕೊಳ್ಳೋರಿಗೂ ಒಪ್ಪೋದು. ಇವರು ದಿನಾ ನೋಡೋ ಕಲೆಯನ್ನೇ ಅವರು ಆ ಒಂದು ದಿನ ನೋಡ್ತಾರೆ.

ಸರಿ, ಎಲ್ಲಿಂದ ಶುರು ಮಾಡೋದು? ಕ್ಯಾಟಲಾಗ್‌ನಿಂದ ಅಲ್ಲ. ಬದಲಾಯಿಸೋಕೆ ಕಷ್ಟವಾದ ವಸ್ತುವಿನಿಂದ. ನಿಮ್ಮ ಫ್ಲ್ಯಾಟ್‌ಗೆ ಬಿಲ್ಡರ್ ಏನು ಕೊಟ್ಟಿದ್ದಾರೆ ನೋಡಿ. ಬಹಳ ಕಡೆ ಕಪ್ಪು ಗ್ರಾನೈಟ್ ಕಟ್ಟೆ, ಕೆನೆ ಬಣ್ಣದ ವಿಟ್ರಿಫೈಡ್ ನೆಲ, ಗೋಡೆಗೆ ಎರಡಡಿ ಟೈಲ್ಸ್. ಈ ಮೂರನ್ನ ಕೊಳ್ಳೋರು ಸುಲಭಕ್ಕೆ ಬದಲಾಯಿಸಲ್ಲ. ಕಟ್ಟೆ ತೆಗೆಯೋದು ಅಂದ್ರೆ ಸಿಂಕು, ನಲ್ಲಿ, ಟೈಲ್ಸ್ ಎಲ್ಲ ಏಳಬೇಕು. ಹಾಗಾಗಿ ಶಟರ್ ಬಣ್ಣ ಈ ಮೂರರ ಮಾತು ಕೇಳಬೇಕು. ಕಪ್ಪು ಕಟ್ಟೆಯ ಕೆಳಗೆ ಕಡುಬಣ್ಣ ಇಟ್ರೆ ಸೊಂಟದ ಕೆಳಗೆಲ್ಲ ಕತ್ತಲೆ. ಕೆನೆ ನೆಲದ ಮೇಲೆ ನೀಲಿ ಛಾಯೆಯ ಬೂದು ಇಟ್ರೆ ಎರಡೂ ಮುನಿಸ್ಕೊಂಡ ಹಾಗೆ ಕಾಣುತ್ತೆ, ನೆಲ ಹಳೇದಾಗಿ ಕೊಳೆಯಾದ ಹಾಗೆ. ಬೂದು ಬೇಕೇಬೇಕು ಅಂದ್ರೆ ಸ್ವಲ್ಪ ಕಂದು ಬೆರೆತ ಬೂದು ತಗೊಳ್ಳಿ.

ಬೆಳಕು ಇನ್ನೊಂದು. ಎರಡು ಬೆಡ್‌ರೂಮಿನ ಫ್ಲ್ಯಾಟ್‌ಗಳಲ್ಲಿ ಅಡುಗೆಮನೆ ಕಿಟಕಿ ಸಾಮಾನ್ಯವಾಗಿ ಯುಟಿಲಿಟಿ ಕಡೆಗೋ ಡಕ್ಟ್ ಕಡೆಗೋ ತೆರೆಯುತ್ತೆ. ವಾಷಿಂಗ್ ಮೆಷೀನು, ಒಣಗೋ ಬಟ್ಟೆ ದಾಟಿ ಬರೋ ಬೆಳಕು ಎಷ್ಟು? ಅಂಥ ಕಡೆ ಕಣ್ಣಿನ ಮಟ್ಟದ ಮೇಲಿನ ಕ್ಯಾಬಿನೆಟ್ ತಿಳಿ ಬಣ್ಣದ್ದೇ ಇರಬೇಕು, ಇದರಲ್ಲಿ ನಾನು ರಾಜಿ ಆಗಲ್ಲ. ಈಗ ಮನೆಯನ್ನ ಮೊದಲು ನೋಡೋದು ಫೋನಲ್ಲಿ, ಗೊತ್ತಲ್ಲ. ಕತ್ತಲೆ ಕಿಚನ್ ಫೋಟೊದಲ್ಲಿ ಗುಹೆ ಆಗುತ್ತೆ. ತುಂಬಾ ಮಿಂಚೋ ಶಟರ್ ಆದ್ರೆ ಫೋಟೊ ತೆಗೆಯೋರ ಕಾಲು, ಬಕೆಟ್ಟು, ಟ್ಯೂಬ್‌ಲೈಟು ಎಲ್ಲ ಅದರಲ್ಲೇ ಕಾಣುತ್ತೆ.

ವಾಸ್ತು ಬಗ್ಗೆ ಒಂದೇ ಮಾತು. ನೀವು ನಂಬಿ ಬಿಡಿ, ಕೊಳ್ಳೋಕೆ ಬರೋರಲ್ಲಿ ನಂಬೋರು ಇದ್ದೇ ಇರ್ತಾರೆ, ಅಡುಗೆಮನೆಯಲ್ಲಿ ಕಪ್ಪು ಬೇಡ ಅನ್ನೋರೂ ಇರ್ತಾರೆ. ಅವರನ್ನ ಬಾಗಿಲಲ್ಲೇ ಕಳ್ಕೊಳ್ಳೋಕೆ ನಿಮಗೆ ಕಾರಣ ಇಲ್ಲ.

ಇಷ್ಟೆಲ್ಲ ಜರಡಿ ಹಿಡಿದ್ಮೇಲೆ ಏನು ಉಳಿಯುತ್ತೆ? ಕೆಳಗಿನ ಸಾಲಿಗೆ ತೇಗ ಅಥವಾ ವಾಲ್ನಟ್‌ನ ನಡುಮಟ್ಟದ ಮರದ ಬಣ್ಣ, ಇಲ್ಲ ಅಂದ್ರೆ ಹಾಲು ಸ್ವಲ್ಪ ಜಾಸ್ತಿ ಬಿದ್ದ ಕಾಫಿ ಬಣ್ಣ. ಮೇಲಿನ ಸಾಲಿಗೆ ಕೆನೆ ಅಥವಾ ದಂತದ ಬಣ್ಣ, ಸುಣ್ಣದಂಥ ಬಿಳಿ ಅಲ್ಲ. ಮಿಂಚು ಬೇಡ, ಮ್ಯಾಟ್ ಇರಲಿ, ಆದ್ರೆ ಬೆರಳಿಗೆ ಗೀರು ಗೀರಾಗಿ ಸಿಗೋ ಆಳದ ಟೆಕ್ಸ್‌ಚರ್ ಬೇಡ, ಆ ಗೀರಿನಲ್ಲಿ ಜಿಡ್ಡು ಮನೆ ಮಾಡುತ್ತೆ. ಕೇಳೋಕೆ ಸಪ್ಪೆ ಅನ್ಸಿತಾ? ಹೌದು, ಸ್ವಲ್ಪ ಸಪ್ಪೆನೇ. ಅನ್ನ ಸಪ್ಪೆ ಇರೋದಕ್ಕೇ ಯಾವ ಸಾರಿಗೂ ಹೊಂದುತ್ತೆ.

ಈಗ ದುಡ್ಡಿನ ಭಾಗ. ಒಂದು ಚಿಕ್ಕ ಲೆಕ್ಕ ಹಾಕೋಣ, ಫೋನ್ ಕ್ಯಾಲ್ಕುಲೇಟರ್ ಕೂಡ ಬೇಡ. ಎಲ್ ಆಕಾರದ ಕಿಚನ್, ಕಟ್ಟೆ ಒಟ್ಟು 15 ಅಡಿ ಉದ್ದ ಅಂತ ಇಟ್ಕೊಳ್ಳಿ. ಕೆಳಗಿನ ಬಾಗಿಲುಗಳ ಎತ್ತರ ಸುಮಾರು ಎರಡೂವರೆ ಅಡಿ, ಅಲ್ಲಿಗೆ 37.5 ಚದರಡಿ. ಮೇಲಿನ ಸಾಲು 12 ಅಡಿ ಉದ್ದ, ಎರಡಡಿ ಎತ್ತರ, ಅದು 24. ಒಟ್ಟು 61.5 ಚದರಡಿ. ಲ್ಯಾಮಿನೇಟ್ ಹಾಳೆ ಒಂದರ ಅಳತೆ 8 ಅಡಿಗೆ 4 ಅಡಿ, ಅಂದ್ರೆ 32 ಚದರಡಿ. ಎರಡು ಹಾಳೆ, ಕತ್ತರಿಸೋದರಲ್ಲಿ ಹಾಳಾಗೋದು ಸೇರಿದ್ರೆ ಮೂರು. ಮೂರು ವಾರದಿಂದ ಗಂಡ-ಹೆಂಡತಿ ಮಾತು ಬಿಟ್ಟಿರೋದು ಮೂರು ಹಾಳೆಗೆ!

ಆದ್ರೆ ಮೂರೇ ಹಾಳೆ ಅಂತ ಮೈಮರೆಯೋ ಹಾಗೂ ಇಲ್ಲ. ಒಮ್ಮೆ ಅಂಟಿಸಿದ ಹಾಳೆ ಕೀಳೋಕೆ ಹೋದ್ರೆ ಕೆಳಗಿನ ಮರದ ಪದರವೂ ಕಿತ್ತು ಬರುತ್ತೆ, ಹಾಗಾಗಿ ಬಣ್ಣ ಬದಲಿಸೋದು ಅಂದ್ರೆ ಹೆಚ್ಚಿನ ಸಲ ಬಾಗಿಲನ್ನೇ ಹೊಸದಾಗಿ ಮಾಡ್ಸೋದು. ಒಳ್ಳೇ ಸುದ್ದಿ ಏನಂದ್ರೆ, ಬಾಗಿಲು ಬೇರೆ, ಒಳಗಿನ ಪೆಟ್ಟಿಗೆ ಬೇರೆ. ಪೆಟ್ಟಿಗೆ ಗಟ್ಟಿ ಇದ್ರೆ ಬಾಗಿಲು ಮಾತ್ರ ಬದಲಿಸಬಹುದು. ಅದಕ್ಕೇ ಹೇಳೋದು, ದುಡ್ಡು ಸುರಿಯೋದಾದ್ರೆ ಪೆಟ್ಟಿಗೆಗೆ ಸುರೀರಿ. ಸಿಂಕ್ ಕೆಳಗೆ ಐಎಸ್ 710 ಗುರುತಿನ ಪ್ಲೈವುಡ್, ಅಂದ್ರೆ ಮರೀನ್ ಪ್ಲೈ ಹಾಕ್ಸಿ. ಉಳಿದ ಕಡೆ ಐಎಸ್ 303ರ ಬಿಡಬ್ಲ್ಯುಆರ್ ದರ್ಜೆ ಸಾಕು. ಹಲಗೆ ಮೇಲಿನ ಆ ಮುದ್ರೆಯ ಫೋಟೊ ತೆಗೆದಿಟ್ಕೊಳ್ಳಿ, ಲ್ಯಾಮಿನೇಟ್ ಅಂಟಿಸೋಕೆ ಮುಂಚೆ. ಐದು ವರ್ಷ ಆದ್ಮೇಲೆ ‘ಒಳಗೆ ಗಟ್ಟಿ ಇದೆ’ ಅಂತ ಬಾಯಲ್ಲಿ ಹೇಳೋದಕ್ಕೂ ಫೋಟೊ ತೋರಿಸೋದಕ್ಕೂ ವ್ಯತ್ಯಾಸ ಇದೆ. ನನ್ನ ಹತ್ತಿರ ಆ ಫೋಟೊ ಇದ್ದಿದ್ರೆ ಎಂಬತ್ತು ಸಾವಿರದಲ್ಲಿ ಅರ್ಧವಾದ್ರೂ ಉಳೀತಿತ್ತೇನೋ.

ಇನ್ನೊಂದು ಕೆಲಸ, ಇದನ್ನ ಮಾಡೋರು ಕಡಿಮೆ. ಲ್ಯಾಮಿನೇಟ್ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಕ್ಯಾಟಲಾಗ್ ಬದಲಿಸ್ತವೆ, ಹಳೇ ನಂಬರ್ ಸಿಗಲ್ಲ. ಒಂದು ಬಾಗಿಲು ನೀರು ಕುಡಿದು ಉಬ್ಬಿತು ಅಂತ ಇಟ್ಕೊಳ್ಳಿ, ಅದಕ್ಕೆ ಹೋಲೋ ಹಾಳೆ ಇಲ್ಲದೆ ಬೇರೆ ಹಾಕ್ಸಿದ್ರೆ ಇಡೀ ಕಿಚನ್ ತೇಪೆ ಹಾಕಿದ ಪಂಚೆ ಆಗುತ್ತೆ. ಕೊಳ್ಳೋರು ಆ ಒಂದು ಬಾಗಿಲು ನೋಡಿ ಎಲ್ಲಾ ಬಾಗಿಲಿನ ದುಡ್ಡು ಕಳೀತಾರೆ. ಹಾಗಾಗಿ ಹಾಳೆ ಹಿಂದಿನ ಕೋಡ್ ನಂಬರ್ ಬರೆದಿಡಿ, ಕೆಳಗಿನ ಸಾಲಿನ ಬಣ್ಣದಲ್ಲಿ ಒಂದು ಹಾಳೆ ಹೆಚ್ಚಿಗೆ ತರಿಸಿ, ಎರಡು ಬಾಗಿಲಿನಷ್ಟು ಕತ್ತರಿಸಿ ಅಟ್ಟದ ಮೇಲೆ ಮಲಗಿಸಿಡಿ. ನಿಲ್ಲಿಸಬೇಡಿ, ಬಾಗುತ್ತೆ.

ಅಕ್ರಿಲಿಕ್, ಪಿಯು ಬಗ್ಗೆ ಕೇಳ್ತೀರಾ ಅಂತ ಗೊತ್ತು. ಅಕ್ರಿಲಿಕ್ ಹೊಸದಾಗಿದ್ದಾಗ ಕನ್ನಡಿ, ಸ್ಕ್ರಬ್ಬರ್ ತಾಗಿದ್ರೆ ಗೀರು. ಪಿಯು ಪೇಂಟ್ ದುಬಾರಿ, ಆದ್ರೆ ಮುಂದೆ ಅದರ ಮೇಲೆ ಬೇರೆ ಬಣ್ಣ ಹೊಡೆಸಬಹುದು. ಐದು ವರ್ಷದಲ್ಲಿ ಮಾರೋ ಮನೆಗೆ ಎರಡೂ ಅನಗತ್ಯ ಅನ್ನೋದು ನನ್ನ ಅಭಿಪ್ರಾಯ.

ಮಾರೋದೇ ನಿಜಾನಾ ಅನ್ನೋದನ್ನೂ ಗಂಡ-ಹೆಂಡತಿ ಕೂತು ಮಾತಾಡಿ. ಎಷ್ಟೋ ಜನ ‘ಐದು ವರ್ಷ’ ಅಂದು ಹದಿನೈದು ವರ್ಷ ಅಲ್ಲೇ ಇರ್ತಾರೆ, ಮಕ್ಕಳ ಸ್ಕೂಲು ಹತ್ತಿರ ಅಂತಾನೋ, ಅಮ್ಮನಿಗೆ ಅಕ್ಕಪಕ್ಕದೋರು ಹೊಂದಿಕೊಂಡ್ರು ಅಂತಾನೋ. ಹತ್ತು ವರ್ಷ ದಾಟಿದ ಕಿಚನ್‌ನ ಯಾವ ಬಣ್ಣ ಇದ್ರೂ ಕೊಳ್ಳೋರು ಹಳೇದು ಅಂತಾನೇ ಲೆಕ್ಕ ಹಾಕ್ತಾರೆ. ಅಷ್ಟು ವರ್ಷ ಇರೋದಾದ್ರೆ ಕೊಳ್ಳೋರನ್ನ ಮರೆತುಬಿಡಿ, ನಿಮಗೆ ಬೇಕಾದ್ದು ಹಾಕ್ಸಿ. ಎರಡು ಮೂರು ವರ್ಷಕ್ಕೇ ಹೊರಡೋದು ಖಚಿತ ಅಂದ್ರೆ ಮಾತ್ರ ಪೂರ್ತಿ ಸಪ್ಪೆ ಇರಲಿ.

ಈ ತಂಗಿದು ನಡುವಿನ ಕೇಸು. ಹಾಗಾಗಿ ನಡುವಿನ ದಾರಿ ಹೇಳ್ತೀನಿ. ಹಸಿರನ್ನ ಬಿಡಬೇಡಿ, ಜಾಗ ಬದಲಿಸಿ. ಫ್ರಿಜ್ ಪಕ್ಕ ಉದ್ದದ ಒಂದು ಯೂನಿಟ್ ಇರುತ್ತಲ್ಲ, ಎರಡು ಬಾಗಿಲಿಂದು, ಸಿಂಕಿನ ನೀರೂ ಒಲೆಯ ಒಗ್ಗರಣೆಯೂ ತಲುಪದ ಜಾಗ. ಅದಕ್ಕೆ ನಿಮ್ಮ ಕಡುಹಸಿರು. ಮುಂದೆ ಕೊಳ್ಳೋರಿಗೆ ಬೇಡ ಅಂದ್ರೆ ಎರಡು ಬಾಗಿಲು ಬದಲಿಸಿದ್ರೆ ಮುಗೀತು, ಅದರ ಖರ್ಚನ್ನ ನೀವೇ ಮೊದಲು ಬಾಯಿಬಿಟ್ಟು ಹೇಳಿಬಿಡಬಹುದು. ಉಳಿದದ್ದು ಕೆಳಗೆ ಮರದ ಬಣ್ಣ, ಮೇಲೆ ಕೆನೆ.

ಆರ್ಡರ್ ಕೊಡೋಕೆ ಮುಂಚೆ ಅಂಗಡಿಯಿಂದ ಮೂರೂ ಬಣ್ಣದ ತುಂಡು ಕೇಳಿ ತಗೊಂಡು ಹೋಗಿ, ಸಾಮಾನ್ಯವಾಗಿ ಕೊಡ್ತಾರೆ. ಫ್ಲ್ಯಾಟ್‌ನಲ್ಲಿ ಕಟ್ಟೆ ಕೆಳಗೆ ನೆಟ್ಟಗೆ ನಿಲ್ಲಿಸಿ ನೋಡಿ, ಟೇಬಲ್ ಮೇಲೆ ಮಲಗಿಸಿ ಅಲ್ಲ. ಬಾಗಿಲು ನಿಂತಿರುತ್ತೆ, ನಿಂತಾಗ ಬೀಳೋ ಬೆಳಕೇ ಬೇರೆ. ಬೆಳಿಗ್ಗೆ ಒಂದ್ಸಲ, ರಾತ್ರಿ ಲೈಟ್ ಹಾಕಿ ಒಂದ್ಸಲ. ಒಂದೊಂದಕ್ಕೂ ಒಂದು ಚಿಟಿಕೆ ಅರಿಶಿನ ಕಲಸಿದ ಎಣ್ಣೆ ಹಚ್ಚಿ, ಮೂಲೆಗೆ ನಲ್ಲಿ ನೀರು ಚಿಮುಕಿಸಿ, ಒರೆಸದೆ ಒಂದು ರಾತ್ರಿ ಬಿಡಿ. ಮಾರನೇ ದಿನ ಮನೆಯಲ್ಲಿ ದಿನಾ ಕಟ್ಟೆ ಒರೆಸೋರು ಯಾರೋ ಅವರ ಕೈಗೆ ಬಟ್ಟೆ ಕೊಟ್ಟು ನೋಡಿ. ಯಜಮಾನ್ರೇ, ಅದು ನೀವೇ ಆಗಿದ್ರೆ ಇನ್ನೂ ಒಳ್ಳೇದು.

ತುಂಡುಗಳ ಫೋಟೊ ನಮಗೂ ಕಳಿಸಿ, ತಂಗಿ. ಹಸಿರು ಹೇಗೆ ಕಾಣುತ್ತೆ ಅನ್ನೋ ಕುತೂಹಲ ನನಗೂ ಇದೆ.